ಎಂಟನೆಯ ಸೂಜಿ

ಪ್ರಯೋಗಾಲಯದವರು ಬೆನ್ನ ಹಿಂದೆ ಅವಳನ್ನು ತಕ್ಕಡಿ ಎನ್ನುತ್ತಿದ್ದರು. ಆ ಹೆಸರು ಒಂದು ದಿನ ಅವಳ ಕಿವಿಗೇ ಬಿತ್ತು. ಬಿದ್ದಾಗ ಮುಖ ಗಂಟಿಕ್ಕಿಕೊಂಡಳು ನಿಜ, ಆದರೆ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತಾಗ ತುಟಿ ತಾನಾಗಿಯೇ ಅರಳಿತು. ಕತ್ತೆ ಎಂದೋ ಕಾಗೆ ಎಂದೋ ಕರೆಸಿಕೊಳ್ಳುವವರ ನಡುವೆ ತಕ್ಕಡಿ ಎಂದು ಕರೆಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ಸುತ್ತಲಿನ ಕೊಟ್ಟಿಗೆಗಳಿಂದ ಸಣ್ಣ ಸಣ್ಣ ಸೀಸೆಗಳಲ್ಲಿ ದನಗಳ ರಕ್ತ ಬರುತ್ತದೆ. ಕಾಲುಬಾಯಿ ಜ್ವರ ಯಾವುದಕ್ಕೆ ಮುಟ್ಟಿದೆ, ಯಾವುದಕ್ಕಿಲ್ಲ ಎಂದು ನೋಡಬೇಕು. ನೋಡುವವರು ಬೇರೆಯವರೂ ಇದ್ದಾರೆ. ನೋಡಿದ್ದು ಸರಿಯೋ ತಪ್ಪೋ ಎಂದು ನೋಡುವವಳು ಇವಳು. ಇವಳ ಸಹಿ ಬಿದ್ದಮೇಲೆ ಅದು ಕಲ್ಲಿನಲ್ಲಿ ಕೆತ್ತಿದ ಅಕ್ಷರ. ರೋಗ ಇದೆ ಎಂದು ಬಂದರೆ ಆ ಒಂದು ದನಕ್ಕಷ್ಟೇ ಅಲ್ಲ, ಅದು ನಿಂತ ಕೊಟ್ಟಿಗೆಯ ಎಲ್ಲ ದನಗಳಿಗೂ ಸಾವು. ಸರ್ಕಾರಿ ಕಾಗದದಲ್ಲಿ ಕೊಲ್ಲುವುದು ಎಂದು ಬರೆಯುವುದಿಲ್ಲ, ವಿಲೇವಾರಿ ಎಂದು ಬರೆಯುತ್ತಾರೆ. ಮಾತು ಮೆತ್ತಗಾದಷ್ಟೂ ಕೈ ಗಟ್ಟಿಯಾಗುತ್ತದೆ.

ಪರೀಕ್ಷೆ ನಡೆಯುವುದು ಅಂಗೈಯಗಲದ ಒಂದು ಪ್ಲೇಟಿನಲ್ಲಿ. ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಗುಂಡಿ, ಒಟ್ಟು ತೊಂಬತ್ತಾರು. ಗುಂಡಿಗೊಂದು ದನದ ರಕ್ತದ ತಿಳಿ. ಮದ್ದು ಹಾಕಬೇಕು, ತೊಳೆಯಬೇಕು, ಇನ್ನೊಂದು ಮದ್ದು ಹಾಕಬೇಕು, ತೊಳೆಯಬೇಕು, ಕೊನೆಗೆ ಬಣ್ಣ ಬರಿಸುವ ನೀರು. ರೋಗ ಮುಟ್ಟಿದ ರಕ್ತವಾದರೆ ಗುಂಡಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ. ಪ್ಲೇಟು ಸುಳ್ಳು ಹೇಳುತ್ತಿಲ್ಲ ಎಂದು ತಿಳಿಯಲು ನಾಲ್ಕು ಗುಂಡಿಗೆ ಮೊದಲೇ ಗೊತ್ತಿರುವ ರಕ್ತ ಹಾಕುತ್ತಾರೆ. ಎರಡಕ್ಕೆ ರೋಗದ್ದು, ಎರಡಕ್ಕೆ ಆರೋಗ್ಯದ್ದು. ಅವನ್ನು ಸಾಕ್ಷಿ ಗುಂಡಿ ಎನ್ನುತ್ತಾರೆ. ಸಾಕ್ಷಿ ಸರಿಯಾಗಿ ನುಡಿದರೆ ಪ್ಲೇಟು ಪಾಸು.

ಈ ಸಾಕ್ಷಿ ಗುಂಡಿಗಳ ಜಾಗವನ್ನು ವಾರಕ್ಕೊಮ್ಮೆ ಬದಲಿಸಬೇಕು ಎಂದು ನಿಯಮದ ಪುಸ್ತಕದಲ್ಲಿ ಬರೆದಿತ್ತು. ತಕ್ಕಡಿಗೆ ಅದೊಂದು ಹಿಡಿಸಿರಲಿಲ್ಲ. ಮನೆಯ ಯಜಮಾನ ದಿನಕ್ಕೊಂದು ಮೂಲೆಯಲ್ಲಿ ಕೂತರೆ ಮನೆ ಮನೆಯಾಗಿ ಉಳಿದೀತೇ? ಮೊದಲ ಸಾಲಿನ ಮೊದಲ ನಾಲ್ಕು ಗುಂಡಿ ಸಾಕ್ಷಿಗೆ ಎಂದು ತಾನೇ ಗೆರೆ ಎಳೆದು ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದಳು. ರೋಗ ಇದೆ ಎಂದು ಬಂದ ರಕ್ತವನ್ನು ಎರಡನೆಯ ಸಲ ನೋಡುವ ಪದ್ಧತಿ ಇತ್ತಲ್ಲ, ಆಗಲೂ ಹೊಸ ಪ್ಲೇಟಿನಲ್ಲಿ ಅದೇ ರಕ್ತ ಅದೇ ಜಾಗಕ್ಕೆ. ನಂಬರು ಅದಲುಬದಲಾಗಬಾರದು ನೋಡಿ. ನೋಡಲು ಎಷ್ಟು ಅಚ್ಚುಕಟ್ಟು! ಹೊರಗಿನಿಂದ ಬಂದವರು ಗೋಡೆಯ ನಕ್ಷೆ ನೋಡಿ ತಲೆದೂಗಿ ಹೋಗುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಗೇಟಿನ ಕಾವಲುಗಾರ ಒಳಗೆ ಫೋನು ಮಾಡಿ, “ಮೇಡಂ, ಯಾರೋ ಹೆಂಗಸು ಬಂದಿದ್ದಾರೆ. ಗೇಟನ್ನ ಒದೀತಾ ಇದ್ದಾರೆ. ನಿಮ್ಮ ಅಕ್ಕ ಅಂತೆ,” ಎಂದ.

ಅಕ್ಕನೇ. ಸೈಕಲ್ಲು ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕೈಯಲ್ಲೊಂದು ಕಾಗದ ಹಿಡಿದು ನಿಂತಿದ್ದಳು. ಗಂಬೂಟು ಕೂಡ ಬಿಚ್ಚದೆ ಕೊಟ್ಟಿಗೆಯಿಂದ ನೇರ ಬಂದಿದ್ದಳು. ಈ ಅಕ್ಕನಿಗೆ ತಕ್ಕಡಿ ಎಷ್ಟು ಋಣಿ ಎಂದು ಹೇಳಹೊರಟರೆ ಕಥೆ ಬೇರೆಯೇ ಆಗುತ್ತದೆ. ತಾಯಿ ಹೋದಾಗ ಇವಳಿಗೆ ಏಳು, ಅಕ್ಕನಿಗೆ ಹದಿನಾಲ್ಕು. ಅಕ್ಕ ಶಾಲೆ ಬಿಟ್ಟು ಎರಡು ಹಸು ಕಟ್ಟಿದಳು, ತಂಗಿಯನ್ನು ಓದಿಸಿದಳು. ಆ ಎರಡು ಈಗ ಹದಿನಾಲ್ಕಾಗಿದ್ದವು.

“ಇದು ನಿನ್ನ ಸಹಿ ತಾನೇ?” ಎಂದಳು ಅಕ್ಕ, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು.

“ಹೌದು.”

“ಗುರುವಾರ ಬರ್ತಾರಂತೆ. ಹದಿನಾಲ್ಕಕ್ಕೂ ಒಂದೇ ದಿನ. ನನ್ನ ಕೊಟ್ಟಿಗೆ ತೊಳೆಯೋಕೆ ನಿನ್ನ ಕೈಯೇ ಬೇಕಾಗಿತ್ತೇನೇ ಪುಟ್ಟಿ?”

“ಅಕ್ಕಾ, ನನ್ನ ಹತ್ರ ಬರೋದು ಬರೀ ನಂಬರು. ಯಾರ ಮನೇದು ಅಂತ ಬರೆದಿರಲ್ಲ.”

“ಈಗ ಗೊತ್ತಾಯ್ತಲ್ಲ? ಇನ್ನೊಂದು ಸಲ ನೋಡು. ಬಾಯಲ್ಲಿ ಹುಣ್ಣಿಲ್ಲ, ಗೊರಸಿನ ಸಂದೀಲಿ ಗಾಯ ಇಲ್ಲ, ಜೊಲ್ಲಿಲ್ಲ. ಹಾಕಿದ್ದೆಲ್ಲ ತಿಂದು ಇನ್ನೂ ಹಾಕು ಅಂತ ಗೋದಲಿ ನೆಕ್ತಾವೆ.”

“ಒಳಗೆ ಇರುತ್ತೆ, ಹೊರಗೆ ಕಾಣಲ್ಲ. ಎರಡು ಸಲ ನೋಡಿದ್ದೀವಿ ಅಕ್ಕ. ಎರಡು ಸಲವೂ ಅದೇ ಬಂತು.”

ಅಕ್ಕನ ಕೈ ಕೆಳಗಿಳಿಯಿತು. “ಎರಡು ಸಲ ಅಂದ್ಮೇಲೆ ಮುಗೀತು. ನೀನು ಸುಳ್ಳು ಹೇಳೋಳಲ್ಲ. ಎಂಟು ವರ್ಷದೋಳು, ಹಾಲಿಗೆ ಅರ್ಧ ಚೊಂಬು ನೀರು ಹಾಕಿದೀವಿ ಅಂತ ಕೊಳ್ಳೋಳ ಮುಂದೇನೇ ಹೇಳಿ ನನ್ನ ಮಾನ ಕಳೆದೋಳು! ಆವತ್ತು ಹಿಡಿದು ಬಡಿದಿದ್ದೆ ನಿನ್ನ.” ಅಷ್ಟು ದುಃಖದಲ್ಲೂ ಅವಳಿಗೆ ನಗು ಬಂತು. ಆಮೇಲೆ ಕೇಳಿದಳು: “ಯಾವುದದು? ಒಂದಕ್ಕೆ ಅಂತ ಬರೆದಿದ್ದೀರಲ್ಲ, ಆ ಒಂದು ಯಾವುದು?”

ತಕ್ಕಡಿ ಕಾಗದದ ಕೆಳಗಿನ ಸಾಲು ನೋಡಿ, “ಕಿವಿ ಬಿಲ್ಲೆ ನಂಬರು ಒಂಬತ್ತು,” ಎಂದಳು.

ಅಕ್ಕನ ಮುಖ ನಿಧಾನಕ್ಕೆ ಬೇರೆಯಾಯಿತು. ಒಂಬತ್ತು ಎಂದರೆ ಸೊಸೆಯ ಮಣಕ. ಇನ್ನೂ ಕರು ಹಾಕದ ಆ ಕಂದು ಮಣಕವನ್ನು ಸೊಸೆ ಎರಡು ತಿಂಗಳ ಹಿಂದೆ ತವರಿನಿಂದ ಹೊಡೆಸಿಕೊಂಡು ಬಂದಿದ್ದಳು. ಮಗ ಲಾರಿಯ ಮೇಲೆ ವಾರಗಟ್ಟಲೆ ಹೊರಗಿರುವವನು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಇಬ್ಬರಿಗೂ ಎಣ್ಣೆ ಸೀಗೇಕಾಯಿ ಎನ್ನುವಷ್ಟಲ್ಲದಿದ್ದರೂ, ಅತ್ತೆಗೆ ಒಂದು ಕಾರಣ ಬೇಕಾಗಿತ್ತು ಎಂಬುದು ಸುಳ್ಳಲ್ಲ.

“ನಾನಂದ್ಕೊಂಡೆ,” ಎಂದಳು ಅಕ್ಕ. “ಕಾಲಿಡುವಾಗ್ಲೇ ಕೊಟ್ಟಿಗೆ ನುಂಗೋಕೆ ಕಾಲಿಟ್ಟಿದ್ದಾಳೆ.”

“ಅಕ್ಕಾ, ಅವಳೇನು ಮಾಡ್ತಾಳೆ ಪಾಪ.”

“ನೀನು ನಿನ್ನ ಸೀಸೆ ನೋಡ್ಕೋ. ನನ್ನ ಮನೆ ನಾನು ನೋಡ್ಕೋತೀನಿ.” ಗಂಬೂಟು ಎಳೆದುಕೊಂಡು ಹೋದಳು.

ತಕ್ಕಡಿ ಒಳಗೆ ಬಂದಾಗ ಅವಳ ಮನಸ್ಸಿನಲ್ಲಿದ್ದದ್ದು ಅಕ್ಕನಿಗೆ ಎರಡೂ ಪರೀಕ್ಷೆಯ ಹಾಳೆಗಳ ನಕಲು ತೆಗೆದು ಕಳಿಸಬೇಕು, ಸೊಸೆಯನ್ನು ಬೈಯಬೇಡ ಎಂದು ನಾಲ್ಕು ಸಾಲು ಬರೆಯಬೇಕು ಎಂಬುದಷ್ಟೇ. ಕಡತ ತೆಗೆದಳು. ನಂಬರು ಒಂಬತ್ತು: ಕೊನೆಯ ಸಾಲು, ಏಳನೆಯ ಗುಂಡಿ. ಎರಡನೆಯ ಸಲವೂ ಕೊನೆಯ ಸಾಲು, ಏಳನೆಯ ಗುಂಡಿ. ಸರಿಯೇ ಇದೆ ಎಂದು ಮಡಚಬೇಕು, ಬೆರಳು ಹಿಂದಿನ ಹಾಳೆಯನ್ನು ತಿರುವಿತು. ಈ ಒಂದೂವರೆ ತಿಂಗಳಲ್ಲಿ ಇನ್ನೂ ಮೂರು ಕೊಟ್ಟಿಗೆಗಳು ವಿಲೇವಾರಿಯಾಗಿದ್ದವು. ಮೊದಲನೆಯದು: ಕೊನೆಯ ಸಾಲು, ಮೂರು. ಎರಡನೆಯದು: ಕೊನೆಯ ಸಾಲು, ಹನ್ನೊಂದು. ಮೂರನೆಯದು: ಕೊನೆಯ ಸಾಲು, ಐದು.

ಅದಕ್ಕೂ ಹಿಂದಿನ ಹಾಳೆಗಳಲ್ಲಿ ಹಳದಿ ಎಲ್ಲೆಂದರಲ್ಲಿ ಬಿದ್ದಿತ್ತು, ಮಳೆ ಹನಿ ಅಂಗಳಕ್ಕೆ ಬಿದ್ದ ಹಾಗೆ. ಈ ಒಂದೂವರೆ ತಿಂಗಳು ಮಾತ್ರ ಕೊನೆಯ ಸಾಲು ಬಿಟ್ಟು ಬೇರೆಲ್ಲೂ ಇಲ್ಲ. ರೋಗಕ್ಕೆ ಹುಲ್ಲು ಗೊತ್ತು, ನೀರು ಗೊತ್ತು, ಗಾಳಿ ಗೊತ್ತು. ಪ್ಲೇಟಿನ ಕೊನೆಯ ಸಾಲು ಹೇಗೆ ಗೊತ್ತಾಗಬೇಕು?

ನಕಲು ತೆಗೆಯಲಿಲ್ಲ.

ಬುಧವಾರ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬಂದು ತೊಳೆಯುವ ಯಂತ್ರದ ಮುಂದೆ ನಿಂತಳು. ಆ ಯಂತ್ರಕ್ಕೆ ಎಂಟು ಸೂಜಿ, ಸಾಲಿಗೊಂದು. ಉಪ್ಪುನೀರು ಚಿಮ್ಮಿಸಿ, ಹೀರಿ, ಗುಂಡಿಗಳನ್ನು ತೊಳೆಯುತ್ತದೆ. ಸಂಜೆ ಮನೆಗೆ ಹೋಗುವ ಮುಂಚೆ ಒಮ್ಮೆ ಬರೀ ನೀರು ಹಾಯಿಸಬೇಕು. ಇಲ್ಲದಿದ್ದರೆ ಉಪ್ಪು ಒಣಗಿ ಸೂಜಿಯ ಬಾಯಿ ಕಟ್ಟುತ್ತದೆ. ಕಟ್ಟಿದರೆ ಗುಂಡಿಯಲ್ಲಿ ಮದ್ದು ಉಳಿದು ಆರೋಗ್ಯದ ರಕ್ತವೂ ಹಳದಿ ತೋರಿಸುತ್ತದೆ. ಆ ಕೆಲಸ ಗೊಣಗನದು. ಗೊಣಗ ಎಂದರೆ ಇನ್ನೆರಡು ವರ್ಷಕ್ಕೆ ನಿವೃತ್ತನಾಗುವ ಹಳೆಯ ಸಹಾಯಕ. ಬಿಸಿಲಿಗೂ ಗೊಣಗುತ್ತಾನೆ, ನೆರಳಿಗೂ ಗೊಣಗುತ್ತಾನೆ.

ಅವನು ಬಂದಾಗ ಅವಳು ರೋಗವಿಲ್ಲದ ಒಂದೇ ಕರುವಿನ ರಕ್ತವನ್ನು ತೊಂಬತ್ತಾರು ಗುಂಡಿಗೂ ಹಾಕುತ್ತಿದ್ದಳು.

“ಇದೇನು ಮೇಡಂ, ಒಂದೇ ಕರುಗೆ ತೊಂಬತ್ತಾರು ಜಾತಕ?”

“ಮಾತಾಡದೆ ಯಂತ್ರ ಹಚ್ಚಿ.”

ಎರಡು ಗಂಟೆ ಹಿಡಿಯಿತು. ಬಣ್ಣದ ನೀರು ಹಾಕಿ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಏಳು ಸಾಲು ತಿಳಿನೀರು. ಎಂಟನೆಯ ಸಾಲಿನಲ್ಲಿ ಒಂದು, ಎರಡು, ಮೂರು... ಐದು ಗುಂಡಿ ಹಳದಿ. ಒಂದೇ ಕರು, ತೊಂಬತ್ತೊಂದು ಕಡೆ ಆರೋಗ್ಯ, ಐದು ಕಡೆ ರೋಗ.

ಗೊಣಗ ಕೆಳಗೆ ಬಗ್ಗಿ ಸೂಜಿಗಳನ್ನು ನೋಡಿದ. ಜೇಬಿನಿಂದ ಸಣ್ಣ ತಂತಿ ತೆಗೆದು ಎಂಟನೆಯದರ ಬಾಯಿಗೆ ಚುಚ್ಚಿದ. ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚೂರು ಮೇಜಿನ ಮೇಲೆ ಬಿತ್ತು. ಮೂರು ನಿಮಿಷದ ಕೆಲಸ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ,” ಎಂದ ಅವನು, “ಇಲ್ಲಿ ಮಿಷನ್ನಿಗೆ ಜ್ವರ ಬಂದಿತ್ತು ನೋಡಿ.” ಹೇಳಿ ನಗಲು ಹೊರಟವನು ಅವಳ ಮುಖ ನೋಡಿ ಬಾಯಿ ಮುಚ್ಚಿದ. ಗೋಡೆಯ ನಕ್ಷೆಯ ಕಡೆ ಕೈ ತೋರಿಸಿ ಮೆಲ್ಲಗೆ, “ನಾನು ನೀರು ಬಿಡೋದು ಮರೆತಿದ್ದೆ, ಒಪ್ಕೋತೀನಿ. ಆದ್ರೆ ಸಾಕ್ಷಿ ಎಲ್ಲ ಮೊದಲ ಸಾಲಲ್ಲೇ ಕೂತಿದ್ರೆ ಕೊನೇ ಸಾಲಲ್ಲಿ ಆಗೋ ಕೊಲೆ ನೋಡೋರು ಯಾರು ಮೇಡಂ? ಆ ನಕ್ಷೆ ನಂದಲ್ಲ,” ಎಂದ.

ಮಧ್ಯಾಹ್ನದೊಳಗೆ ಅವಳು ಒಂಬತ್ತನೆಯ ನಂಬರಿನ ರಕ್ತವನ್ನು ಮತ್ತೊಮ್ಮೆ ನೋಡಿದಳು. ಮೊದಲ ಸಾಲಿನಲ್ಲಿ ಹಾಕಿದಳು, ನಾಲ್ಕನೆಯದರಲ್ಲಿ ಹಾಕಿದಳು, ಸೂಜಿ ಸರಿಯಾದ ಮೇಲೆ ಕೊನೆಯದರಲ್ಲೂ ಹಾಕಿದಳು. ಎಲ್ಲ ಕಡೆ ನೀರು ನೀರೇ. ಸೊಸೆಯ ಮಣಕ ಗುಂಡುಕಲ್ಲಿನ ಹಾಗಿತ್ತು. ಉಳಿದ ಮೂರು ಕೊಟ್ಟಿಗೆಗಳ ಸೀಸೆಗಳನ್ನೂ ತೆಗೆದು ನೋಡಿದಳು. ಅವೂ ಹಾಗೆಯೇ. ಆಗಲೇ ಹಳ್ಳ ಸೇರಿದ್ದವು ಅರವತ್ತೊಂದು ದನ. ಮೊದಲನೆಯ ಕೊಟ್ಟಿಗೆಯವನು, ಬೂಟು ತೊಳೆಯದೆ ಒಳಗೆ ಬಂದು ರೋಗ ತಂದವನು ನೀನೇ ಎಂದು ಸ್ವಂತ ಮಗನಿಗೆ ಗುದ್ದಲಿಯ ಕಾವಿನಲ್ಲಿ ಹೊಡೆದಿದ್ದ. ಆ ಹುಡುಗನ ಒಂದು ಕಿವಿ ಈಗ ಕೇಳಿಸುವುದಿಲ್ಲವಂತೆ.

ಸಂಜೆ ನಾಲ್ಕಕ್ಕೆ ಮುಖ್ಯಸ್ಥರ ಕೋಣೆಗೆ ಹೋದಳು. ಅವರಿಗೆ ಬೆಣ್ಣೆ ಸಾಹೇಬರು ಎಂದು ಹೆಸರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಅವರು ಕೂಗಾಡಿದ್ದರೆ, ಬೆದರಿಸಿದ್ದರೆ, ಅವಳು ಪಟ್ಟು ಹಿಡಿಯುತ್ತಿದ್ದಳೇನೋ. ಅವರು ಹಾಗೇನೂ ಮಾಡಲಿಲ್ಲ. ಒಂದು ಬಿಳಿ ಹಾಳೆ ತೆಗೆದು ಅವಳ ಮುಂದಿಟ್ಟರು. ಪೆನ್ನನ್ನೂ ಇಟ್ಟರು.

“ಬರೆದು ಕೊಡಿ. ನಾನು ಬೇಡ ಅನ್ನಲ್ಲ. ಈಗ್ಲೇ ಮೇಲಕ್ಕೆ ಕಳಿಸ್ತೀನಿ, ನಾಳೆಯದು ನಿಲ್ಲುತ್ತೆ. ನಿಮ್ಮಕ್ಕನ ದನ ಉಳಿಯುತ್ತೆ.”

“ಸರಿ ಸಾರ್.”

“ಕಾರಣ ಮಾತ್ರ ಸ್ಪಷ್ಟವಾಗಿ ಬರೀಬೇಕಾಗುತ್ತೆ. ಸಾಕ್ಷಿ ಗುಂಡಿ ಜಾಗ ವಾರವಾರ ಯಾಕೆ ಬದಲಾಯಿಸಲಿಲ್ಲ. ಎರಡನೇ ಸಲವೂ ಅದೇ ಗುಂಡಿಗೆ ಯಾಕೆ ಹಾಕಿದ್ರಿ. ನಕ್ಷೆ ಬರೆದವರು ಯಾರು, ಸಹಿ ಯಾರದ್ದು. ಆ ಅರವತ್ತೊಂದರ ಪಟ್ಟಿ. ಅವರೆಲ್ಲ ಬರ್ತಾರೆ, ಕೇಳ್ತಾರೆ. ನೀವೇ ಎದುರು ನಿಂತು ಹೇಳ್ಬೇಕಾಗುತ್ತೆ. ನಾನಂತೂ ನಿಮ್ಮನ್ನ ನಂಬಿಕೊಂಡು ಇದ್ದೋನು.”

“ಬರೀದಿದ್ರೆ?”

“ಬರೀದಿದ್ರೆ ಏನಿದೆ? ಸೂಜಿ ಸರಿಯಾಗಿದೆಯಲ್ಲ.” ಅವರು ಚಹಾ ತರಿಸಿದರು. “ಕುಡೀರಿ, ಆರುತ್ತೆ.”

ಅವಳು ತಾರೀಖು ಬರೆದಳು. ವಿಷಯ ಎಂದು ಬರೆದು ಎರಡು ಚುಕ್ಕೆ ಇಟ್ಟಳು. ಅಲ್ಲಿಗೆ ಪೆನ್ನು ನಿಂತಿತು. ಕಣ್ಣ ಮುಂದೆ ಬಂದದ್ದು ಕಿವಿ ಹೋದ ಹುಡುಗನೂ ಅಲ್ಲ, ಅಕ್ಕನ ಹದಿನಾಲ್ಕು ದನವೂ ಅಲ್ಲ. ಊಟದ ಕೋಣೆ ಕಂಡಿತು. ಉದ್ದ ಮೇಜು, ಡಬ್ಬಿಗಳ ಸದ್ದು, ತಾನು ಒಳಗೆ ಹೋದ ಕೂಡಲೇ ನಿಲ್ಲುವ ಮಾತು, ಆಮೇಲೆ ಯಾರೋ ಮೂಗಿನಲ್ಲಿ ತಡೆದು ಬಿಡುವ ನಗು: ತಕ್ಕಡಿಯ ತೂಕದ ಕಲ್ಲೇ ಕಳ್ಳ ಕಲ್ಲು ಕಣ್ರೋ! ಇಪ್ಪತ್ತೆರಡು ವರ್ಷ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದವಳು. ಒಂದು ಸೊನ್ನೆ ಹೆಚ್ಚು ಬರೆದವನನ್ನು ಎಲ್ಲರ ಮುಂದೆ ನಿಲ್ಲಿಸಿದವಳು. ಕೆಲಸ ಹೋಗುವುದಕ್ಕೆ ಹೆದರಿದ್ದರೆ, ಜೈಲಿಗೆ ಹೆದರಿದ್ದರೆ ಅವಳನ್ನು ಮನ್ನಿಸಬಹುದಿತ್ತು. ಅವಳು ಹೆದರಿದ್ದು ಆ ನಗುವಿಗೆ.

ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಬೆಣ್ಣೆ ಸಾಹೇಬರು ಅದನ್ನು ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿ, “ನಾಳೆ ತಂಡದ ಜೊತೆ ನೀವೂ ಹೋಗಿ ಬನ್ನಿ. ಸ್ವಂತದವರು ಇದ್ರೆ ಅವರಿಗೂ ಧೈರ್ಯ,” ಎಂದರು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಅಕ್ಕನ ಅಂಗಳದಲ್ಲಿ ಎರಡು ವ್ಯಾನು, ಒಂದು ಮಣ್ಣು ತೋಡುವ ಯಂತ್ರ. ಹಿಂದಿನ ಹೊಲದಲ್ಲಿ ಹಳ್ಳ ಆಗಲೇ ಸಿದ್ಧವಾಗಿತ್ತು. ಬಿಳಿ ಅಂಗಿ ತೊಟ್ಟ ಆರು ಜನ, ಅವರಿಗೊಬ್ಬ ವೈದ್ಯ. ತಕ್ಕಡಿ ತನ್ನ ಪುಟ್ಟ ಕಾರನ್ನು ದೂರ ನಿಲ್ಲಿಸಿ ನಡೆದು ಬಂದಳು. ಅಕ್ಕ ದನಗಳನ್ನೆಲ್ಲ ಹಾಲು ಕರೆದು, ಮೈ ತೊಳೆದು, ಸಾಲಾಗಿ ಕಟ್ಟಿದ್ದಳು. ನೆಲದ ಸಿಮೆಂಟು ಇನ್ನೂ ಒದ್ದೆಯಾಗಿತ್ತು. ಸೊಸೆ ಮಣಕದ ಹಗ್ಗ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣು, ಅತ್ತು ಅತ್ತು ಕಣ್ಣು ಸೀಳುಗೆರೆಯಾಗಿತ್ತು.

ವೈದ್ಯ ಮುಂದೆ ಹೆಜ್ಜೆ ಇಟ್ಟ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ತಡೀರಿ ಸ್ವಾಮಿ. ಒಂದು ಮಾತಿದೆ.” ತಂಗಿಯ ಕಡೆ ತಿರುಗಿದಳು. “ಪುಟ್ಟೀ, ಬಾ ಇಲ್ಲಿ. ಕಾಗದ ಬಿಡು, ಕಾಗದದ ಮಾತು ನಂಗೆ ಬೇಡ. ನಿನ್ನ ಬಾಯಲ್ಲಿ ಹೇಳು, ಎಲ್ಲರೂ ಕೇಳ್ಲಿ. ಆ ಒಂಬತ್ತಕ್ಕೆ ರೋಗ ಇತ್ತಾ, ಇರಲಿಲ್ವಾ? ಇರಲಿಲ್ಲ ಅಂತ ನೀನಂದ್ರೆ ಈ ಹೊಸ್ತಿಲಿಗೆ ಅಡ್ಡ ಮಲಗ್ತೀನಿ, ಇವ್ರು ನನ್ನ ತುಳಿದು ಒಳಗೆ ಹೋಗ್ಲಿ. ಇತ್ತು ಅಂದ್ರೆ ನಾನೇ ಒಂದೊಂದನ್ನೂ ಬಿಚ್ಚಿ ಕೊಡ್ತೀನಿ. ಹೇಳು.”

ಕೊಟ್ಟಿಗೆಯಲ್ಲಿ ದನಗಳು ಮೆಲುಕು ಹಾಕುತ್ತಿದ್ದವು. ತಕ್ಕಡಿಯ ಕೈಚೀಲದಲ್ಲಿ ಆ ಹಾಳೆ ಇತ್ತು. ತಾರೀಖು ಹಾಕಿದ, ವಿಷಯ ಎಂದು ಬರೆದ ಹಾಳೆ. ವಿಷಯವನ್ನು ಬಾಯಲ್ಲಿ ಹೇಳಿದ್ದರೂ ಸಾಕಾಗಿತ್ತು. ಸೊಸೆಯೂ ಅವಳನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ಬೇಡಿಕೆ ಕೂಡ ಇರಲಿಲ್ಲ, ನಂಬಿಕೆ ಇತ್ತು. ಅದೇ ಹೆಚ್ಚು ಕಷ್ಟ.

“ಇತ್ತು,” ಎಂದಳು ತಕ್ಕಡಿ.

“ಮುಗೀತು,” ಎಂದಳು ಅಕ್ಕ.

ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ತಾನೇ ಹಗ್ಗ ಬಿಚ್ಚಿದಳು. “ಬಾರೇ ದೊಡ್ಡವ್ವ,” ಎಂದು ಮುದಿ ಹಸುವನ್ನು ಮೊದಲು ಕರೆದೊಯ್ದಳು. ಅದು ಕುತ್ತಿಗೆಯ ಸೂಜಿಗೆ ಒಮ್ಮೆ ಕಿವಿ ಅಲ್ಲಾಡಿಸಿ, ಏನೋ ಮರೆತು ಹೋದದ್ದನ್ನು ನೆನೆಸಿಕೊಳ್ಳುವಂತೆ ನಿಂತು, ಮುಂಗಾಲು ಮಡಚಿತು. “ಬಾ ಬಿಳಿಮೂತಿ.” “ಬಾರೋ ಕುಂಟ.” ಅವು ಅವಳ ದನಿಗೆ ಬಂದವು. ಬೇರೆ ಯಾರು ಕರೆದಿದ್ದರೂ ಎಳೆದಾಡುತ್ತಿದ್ದವು. ಅವಳು ಕರೆದದ್ದಕ್ಕೆ ಬಾಲ ಬೀಸಿಕೊಂಡು ಬಂದವು. ಕೆಲಸ ಬೇಗ ಆಯಿತು ಎಂದು ವೈದ್ಯ ಮೆಚ್ಚಿದ.

ಕೊನೆಗೆ ಒಂಬತ್ತು ಉಳಿಯಿತು.

“ಅದನ್ನ ನಾನು ಮುಟ್ಟಲ್ಲ,” ಎಂದಳು ಅಕ್ಕ. “ತಂದೋಳು ಅವಳು, ಕೊಡೋಳೂ ಅವಳೇ.”

“ಅತ್ತೆ, ನನ್ನ ಕೈಯಲ್ಲಿ ಆಗಲ್ಲ.”

“ತರೋವಾಗ ಆಯ್ತಲ್ಲ ಕೈಯಲ್ಲಿ?”

ಸೊಸೆ ತಂದಳು. ಮಣಕ ದಾರಿಯಲ್ಲಿ ಬಿದ್ದಿದ್ದ ಹಸಿ ಹುಲ್ಲನ್ನು ಕಂಡು ಬಾಯಿ ಹಾಕಿತು. ಅವಳು ತಿನ್ನಲಿ ಎಂದು ನಿಂತಳು. ಯಾರೂ ಅವಸರ ಮಾಡಲಿಲ್ಲ. ತಿಂದಾದ ಮೇಲೆ ಹಗ್ಗವನ್ನು ಬಿಳಿ ಅಂಗಿಯವನ ಕೈಗೆ ಕೊಡದೆ ತಾನೇ ಹಿಡಿದುಕೊಂಡಳು. ಅದು ಬಿದ್ದಾಗ ಹಗ್ಗ ಕೈಯನ್ನು ಉಜ್ಜಿಕೊಂಡು ಹೋಯಿತು, ಅಂಗೈ ಸುಲಿಯಿತು.

ವೈದ್ಯ ಬಾಳೆಎಲೆಯಷ್ಟು ಉದ್ದದ ಒಂದು ಫಾರಂ ತೆಗೆದ. “ಈ ಒಂಬತ್ತು ಇಲ್ಲೇ ಹುಟ್ಟಿದ್ದಾ?”

“ಇಲ್ಲ ಸ್ವಾಮಿ,” ಎಂದಳು ಅಕ್ಕ, ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಹುರುಪಿನಿಂದ. “ಇವಳ ತವರಿಂದ ಬಂದದ್ದು. ಬರ್ಕೊಳ್ಳಿ, ವಿಳಾಸ ಹೇಳ್ತೀನಿ. ಅಲ್ಲಿ ಇನ್ನೂ ಎಂಟಿವೆ.”

ವೈದ್ಯ ಬರೆದುಕೊಂಡ. “ಮೂಲದ ಕೊಟ್ಟಿಗೆ. ಶನಿವಾರಕ್ಕೆ ಹಾಕೋಣ.”

ಅಕ್ಕ ಒಳಗೆ ಹೋಗಿ ಒಂದು ಚೀಲ ತಂದು ಸೊಸೆಯ ಕಾಲ ಬಳಿ ಇಟ್ಟಳು. ಆಗಲೇ ತುಂಬಿಸಿಟ್ಟ ಚೀಲ. “ಪುಟ್ಟಿ, ಹೋಗ್ತಾ ಇವಳನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗು. ಮಗ ಬಂದ್ಮೇಲೆ ಅವನಿಗೆ ನಾನು ಹೇಳ್ಕೋತೀನಿ.”

“ಅಕ್ಕಾ, ಇದು ಬೇಡ. ಅವಳ ತಪ್ಪು ಇದರಲ್ಲಿ...”

“ತಪ್ಪಿಲ್ಲ ಅಂತೀಯಾ? ಈಗಷ್ಟೇ ಎಲ್ಲರ ಮುಂದೆ ಹೇಳಿದ್ದು ಯಾರು? ನಿನ್ನ ಮಾತಿನ ಮೇಲೆ ಹದಿನಾಲ್ಕನ್ನ ಕಳಿಸಿದೀನಿ, ಹದಿನೈದನೇದು ಇವಳು.” ಅಕ್ಕ ಖಾಲಿ ಕೊಟ್ಟಿಗೆಗೆ ಹೋಗಿ, ಮಾಡಲು ಕೆಲಸವಿಲ್ಲದ್ದರಿಂದ, ತೊಳೆದ ನೆಲವನ್ನೇ ಮತ್ತೆ ತೊಳೆಯತೊಡಗಿದಳು.

ಕಾರಿನಲ್ಲಿ ಸೊಸೆ ಸುಲಿದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅರ್ಧ ದಾರಿಯಲ್ಲಿ ಅವಳೇ ಶುರುಮಾಡಿದಳು.

“ಚಿಕ್ಕತ್ತೆ, ನನ್ನಿಂದ ನಿಮಗೂ ಕಷ್ಟ ಆಯ್ತು. ಸ್ವಂತ ಅಕ್ಕನ ದನಕ್ಕೆ ನೀವೇ ಸಹಿ ಹಾಕೋ ಹಾಗಾಯ್ತು. ನಿಮ್ಮ ಹೊಟ್ಟೆ ಎಷ್ಟು ಉರಿದಿರುತ್ತೋ. ಕ್ಷಮಿಸಿಬಿಡಿ.”

ತಕ್ಕಡಿ ಗೇರು ಬದಲಿಸಿದಳು.

“ನಮ್ಮನೇ ದನಗಳ ರಕ್ತವೂ ನಿಮ್ಮ ಹತ್ರವೇ ಬರುತ್ತಾ? ನೀವು ನೋಡ್ತೀರಿ ಅಂದ್ರೆ ನಂಗೆ ಧೈರ್ಯ.”

“ಬರಲ್ಲ,” ಎಂದಳು ತಕ್ಕಡಿ. “ಮೂಲದ ಕೊಟ್ಟಿಗೆಗೆ ಪರೀಕ್ಷೆ ಇಲ್ಲ. ನೇರ ವಿಲೇವಾರಿ. ನಿಯಮ ಹಾಗಿದೆ.”

ಸೊಸೆ ಕಿಟಕಿಯ ಹೊರಗೆ ನೋಡಿದಳು. ಅಳು ಬರಲಿಲ್ಲ, ಇದ್ದದ್ದೆಲ್ಲ ಬೆಳಗ್ಗೆಯೇ ಖರ್ಚಾಗಿತ್ತೇನೋ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ತಂದೆಗೆ ಫೋನು ಮಾಡಿದಳು. ಸುತ್ತ ಬಸ್ಸಿನ ಹೊಗೆ, ಕೂಗು. ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಹೇಳಬೇಕಾಯಿತು. “ಹೌದಪ್ಪ, ಎಲ್ಲವೂ... ಶನಿವಾರ... ಇಲ್ಲ ಅಪ್ಪ, ಜಗಳ ಆಡಬೇಡ. ಚಿಕ್ಕತ್ತೆ ತಾವೇ ನೋಡಿದ್ದಾರೆ. ಎರಡು ಸಲ. ಅವರು ನೋಡಿದ್ದು ತಪ್ಪಿರಲ್ಲ.” ಆ ಮೇಲೆ ಫೋನನ್ನು ಇವಳ ಕಡೆ ಚಾಚಿದಳು. “ಒಂದು ಮಾತು ಕೇಳ್ಬೇಕಂತೆ.”

ತಕ್ಕಡಿ ಫೋನು ತೆಗೆದುಕೊಂಡಳು.

“ನಮಸ್ಕಾರ ತಾಯಿ,” ಎಂದಿತು ಆ ಕಡೆಯ ದನಿ. “ಒಂದು ಹಸುಗೆ ದಿನ ತುಂಬಿದೆ. ನಾಳೆಯೋ ನಾಡಿದ್ದೋ ಈಯುತ್ತೆ. ಒಂದು ವಾರ ತಡೀತಾರಾ?”

“ತಡಿಯಲ್ಲ.”

“ಅಷ್ಟರೊಳಗೆ ಕರು ಬಿದ್ರೆ? ಅದು ಈಗ ತಾನೇ ಹುಟ್ಟಿದ್ದು, ಅದಕ್ಕೇನು ರೋಗ?”

“ಅದೂ ಸೇರುತ್ತೆ.”

“ಸರಿ ತಾಯಿ. ಬೇರೆಯವರಾಗಿದ್ರೆ ಸಮಾಧಾನಕ್ಕೆ ಅಂತ ಏನಾದ್ರೂ ಹೇಳ್ತಿದ್ರು. ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ, ದೊಡ್ಡ ಉಪಕಾರ. ಅಲ್ಲೀತನಕ ಹಾಲು ಏನು ಮಾಡ್ಲಿ?”

“ಮನೇಲಿ ಯಾರೂ ಕುಡೀಬೇಡಿ. ಕರುಗಳಿಗೂ ಬಿಡಬೇಡಿ. ಹಿತ್ತಲಲ್ಲಿ ಅಗೆದು, ಸುಣ್ಣ ಹಾಕಿ, ಅದರ ಮೇಲೆ ಸುರಿದು ಮುಚ್ಚಿ.”

“ಎಷ್ಟು ಆಳ ಅಗೀಬೇಕು?”

ಬಸ್ಸು ಬಂದು ನಿಂತಿತ್ತು. ಸೊಸೆ ಚೀಲ ಹೆಗಲಿಗೇರಿಸಿ ಫೋನಿಗಾಗಿ ಕೈ ಚಾಚಿ ನಿಂತಿದ್ದಳು.

“ಮೂರಡಿ,” ಎಂದಳು ತಕ್ಕಡಿ. “ಅಳೆದು ನೋಡಿ. ಕಡಿಮೆ ಆಗ್ಬಾರ್ದು.”